ಆಮದು ಗಿಟಾರ್ ಕೊಳ್ಳುವ ಮುನ್ನ

ಆಮದಾದ ಎಲೆಕ್ಟ್ರಿಕ್ ಗಿಟಾರಿನ ಯೋಗ್ಯತೆಯನ್ನು ಹೊಳಪಿನಿಂದಾಗಲಿ ತುದಿಯ ಹೆಡ್‌ಸ್ಟಾಕಿನ ಮೇಲಿನ ಹೆಸರಿನಿಂದಾಗಲಿ ಅಳೆಯದೆ, ಮೊದಲು ನೆಕ್ (ತಂತಿಗಳು ಹಾದುಹೋಗುವ ಉದ್ದನೆಯ ಕತ್ತು) ಪರೀಕ್ಷಿಸಿ. ಅಂಗೈಯನ್ನು ಅದರ ಅಂಚಿನುದ್ದಕ್ಕೂ ಮೆಲ್ಲಗೆ ಜಾರಿಸಿದಾಗ ಫ್ರೆಟ್‌ಗಳ (ನೆಕ್ಕಿನ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳ) ತುದಿ ಚುಚ್ಚಿದರೆ, ಅಂತಿಮ ಕೆಲಸ ಅವಸರದಲ್ಲಿ ಮುಗಿದಿದೆ ಅಥವಾ ಮರ ಒಣಗಿ ಕುಗ್ಗಿದೆ ಎಂದು ತಿಳಿಯಬಹುದು. ಇದನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಆದರೆ ತಿರುಚಿಕೊಂಡ ನೆಕ್ಕನ್ನು ಅದರೊಳಗಿನ ಹೊಂದಿಸಬಲ್ಲ ಲೋಹದ ಸರಳಾದ ಸಾಮಾನ್ಯ ಟ್ರಸ್ ರಾಡ್ ನೇರಗೊಳಿಸಲಾರದು. ಅಂಥ ಗಿಟಾರ್ ಎಷ್ಟೇ ಅಗ್ಗವಾದರೂ ಬೇಡ.

ಬಳಿಕ 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ ಸ್ವರವನ್ನೂ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದಾಗ ಬರುವ ಸ್ವರ) ತಂತಿ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಹೊಸ ತಂತಿ ಹಾಕಿ, ಸ್ಯಾಡಲನ್ನು (ಬ್ರಿಡ್ಜ್ ಮೇಲೆ ತಂತಿ ಕೂರುವ ಪುಟ್ಟ ತುಂಡನ್ನು) ಕೊನೆಯವರೆಗೆ ಸರಿಸಿದರೂ ಅವೆರಡೂ ಹೊಂದದಿದ್ದರೆ, ಗಿಟಾರಿನ ದೇಹದ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್ ಕೂರಿಸಿದ ಜಾಗವೇ ತಪ್ಪಿರುವ ಸಂಭವವಿದೆ.

ಹಾರ್ಡ್‌ವೇರ್ ವಿಷಯದಲ್ಲಿ ಪುಟ್ಟ ಅಯಸ್ಕಾಂತವೊಂದು ಬಹಳ ನೆರವಾಗುತ್ತದೆ: ಉಕ್ಕಿನ ಟ್ರೆಮೊಲೊ ಬ್ಲಾಕಿಗೆ (ಸನ್ನೆಯಿಂದ ಅಲುಗಿಸಬಲ್ಲ ಬ್ರಿಡ್ಜಿನ ಕೆಳಗಿನ ಲೋಹದ ಗಟ್ಟಿಗೆ) ಅದು ಅಂಟಿಕೊಳ್ಳುತ್ತದೆ, ಸತುವಿನ ಎರಕಕ್ಕೆ ಅಂಟುವುದಿಲ್ಲ. ಬಿಡಿಭಾಗ ಬದಲಿಸುವ ಯೋಚನೆಯಿದ್ದರೆ ಅಳತೆ ನೋಡದೆ ಏನನ್ನೂ ತರಿಸಬೇಡಿ, ಏಕೆಂದರೆ ಹಲವು ಆಮದು ಮಾದರಿಗಳಲ್ಲಿ ಪೊಟೆನ್ಶಿಯೋಮೀಟರ್ (ಧ್ವನಿ ಹೊಂದಿಸುವ ಗುಂಡಿಯ ಕೆಳಗಿನ ಭಾಗ) ಕೂರಿಸುವ ರಂಧ್ರ ಚಿಕ್ಕದಾಗಿರುತ್ತದೆ, ಸ್ಯಾಡಲ್‌ಗಳ ಅಂತರವೂ ಸುಮಾರು 10.5 ಮಿಲಿಮೀಟರ್ ಮಾತ್ರ ಇರುತ್ತದೆ.