ಹಸುವಿನ ಹೊಟ್ಟೆಯೊಳಗೆ ಕೈ ಹಾಕಿ ಕಲಿತದ್ದು

ಬೆಳಗ್ಗೆ ಆರಕ್ಕೆ ಮುಂಚೆ ಕೊಟ್ಟಿಗೆಯಲ್ಲಿರಬೇಕು. ಹಸುವಿಗೆ ಇನ್ನೂ ಮೇವು ಹಾಕಿರಬಾರದು. ಥರ್ಮಾಸ್ ಫ್ಲಾಸ್ಕಿಗೆ ಮೊದಲೇ ಬಿಸಿನೀರು ತುಂಬಿ ಬೆಚ್ಚಗೆ ಮಾಡಿಟ್ಟುಕೊಂಡಿರಬೇಕು. ಹಸು ಹಸಿದಾಗ ಎಡ ಪಕ್ಕೆಯ ಹಿಂದೆ ಗುಳಿ ಬೀಳುತ್ತದಲ್ಲ, ಅಲ್ಲಿ ಆಪರೇಷನ್ ಮಾಡಿ ಕೂರಿಸಿದ ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆಗೆದು, ಒಳಗಿನ ರಸ ಎತ್ತಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ಫ್ಲಾಸ್ಕಿಗೆ ತುಂಬಿಕೊಂಡು, ತಣ್ಣಗಾಗುವ ಮುಂಚೆ ಲ್ಯಾಬಿಗೆ ಓಡಬೇಕು. ಮೂವತ್ತಕ್ಕೂ ಜಾಸ್ತಿ ವರ್ಷ ನನ್ನ ದಿನ ಶುರುವಾಗುತ್ತಿದ್ದದ್ದು ಹೀಗೆ.

ಬೆಂಗಳೂರಿನ ಹೆಬ್ಬಾಳದಲ್ಲಿ ಬಿ.ವಿ.ಎಸ್ಸಿ., ಅಂದರೆ ಪಶುವೈದ್ಯ ಪದವಿ ಓದುವಾಗ ನನಗೆ ಆಪರೇಷನ್ ಮಾಡುವ ಡಾಕ್ಟರ್ ಆಗಬೇಕು ಅಂತ ಆಸೆ ಇತ್ತು. ಒಂದು ದಿನ ನಮ್ಮ ಮೇಷ್ಟ್ರು ಇಂಥದೇ ಒಂದು ಹಸುವಿನ ಮುಂದೆ ನಿಲ್ಲಿಸಿ, ತೋಳು ಮಡಿಸಿ ಕೈ ಹಾಕು ಅಂದರು. ಮೊಣಕೈ ತನಕ ಹೋಯಿತು. ಮೊದಲು ತಗುಲಿದ್ದು ಹುಲ್ಲಿನ ದಪ್ಪ ಹಾಸು, ಒದ್ದೆ ಚಾಪೆಯ ಹಾಗೆ. ಅದರ ಕೆಳಗೆ ಅಂಬಲಿಯಂಥ ರಸ. ನಮ್ಮ ಮೈಗಿಂತ ಬಿಸಿ, 39 ಡಿಗ್ರಿ. ಅಷ್ಟರಲ್ಲಿ ಇಡೀ ಚೀಲ ಒಮ್ಮೆ ಹಿಂಡಿದ ಹಾಗೆ ಆಗಿ ಹುಲ್ಲೆಲ್ಲ ನನ್ನ ಕೈಯನ್ನು ಸುತ್ತಿಕೊಂಡು ತಿರುಗಿತು. ನಿಮಿಷಕ್ಕೆ ಒಂದೆರಡು ಸಲ ಹಾಗೆ ಹಿಂಡುತ್ತಲೇ ಇರುತ್ತದೆ, ಹಸು ನಿದ್ದೆ ಮಾಡಲಿ, ನಿಂತಿರಲಿ. ನಾನು ಕೈ ತೆಗೆಯಲಿಲ್ಲ, ಮತ್ತೊಂದು ಸಲ ತಿರುಗಲಿ ಅಂತ ಕಾದೆ. ಎಂ.ವಿ.ಎಸ್ಸಿ.ಗೆ ಪಶು ಆಹಾರ ವಿಷಯ ತೆಗೆದುಕೊಂಡದ್ದು ಆ ಮಧ್ಯಾಹ್ನದಿಂದಲೇ.

ಈ ಮೊದಲ ಹೊಟ್ಟೆಗೆ ನಾವು ರುಮೆನ್ ಅನ್ನುತ್ತೇವೆ. ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಅದರ ಒಂದು ಮಿಲಿ ರಸದಲ್ಲಿ ಸಾವಿರ ಕೋಟಿ ಲೆಕ್ಕದಲ್ಲಿ ಬ್ಯಾಕ್ಟೀರಿಯಾ, ಲಕ್ಷಗಟ್ಟಲೆ ಪ್ರೊಟೊಜೋವಾ ಅನ್ನುವ ಒಂದೇ ಕೋಶದ ಜೀವಿಗಳು ಇರುತ್ತವೆ. ಶಿಲೀಂಧ್ರವೂ ಇದೆ ಅಂತ ಇಂಗ್ಲೆಂಡಿನ ಕಾಲಿನ್ ಆರ್ಪಿನ್ 1975ರಲ್ಲಿ ತೋರಿಸುವ ತನಕ ಜನ ಅದನ್ನು ಬೇರೆ ಏನೋ ಅಂದುಕೊಂಡಿದ್ದರು. ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗೆ ಇಲ್ಲವೇ ಇಲ್ಲ. ಕರಗಿಸುವುದು ಇವು. ಅವು ಬಿಡುವ ಆಮ್ಲಗಳೇ ಹಸುವಿಗೆ ಊಟ, ಕೊನೆಗೆ ಆ ಜೀವಿಗಳೂ ಕೆಳಗಿನ ಹೊಟ್ಟೆಗೆ ಹೋಗಿ ಜೀರ್ಣವಾಗಿ ಹಸುವಿಗೆ ಪ್ರೋಟೀನ್ ಆಗುತ್ತವೆ. ಅಂದರೆ ಗೋದಲಿಗೆ ನಾವು ಹಾಕುವ ಮೇವು ಮೊದಲು ಸೇರುವುದು ಈ ಜೀವಿಗಳಿಗೆ. ಇಷ್ಟು ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ಮನಸ್ಸಿಗೆ ಇಳಿಯೋಕೆ ಮಾತ್ರ ಬಹಳ ವರ್ಷ ಹಿಡಿಯಿತು.

ನನ್ನ ಮೊದಲ ಕೆಲಸ ಗ್ಯಾಸ್ ಅಳೆಯುವುದು. ಜರ್ಮನಿಯ ಹೋಹೆನ್‌ಹೈಮ್‌ನಲ್ಲಿ ಮೆಂಕೆ ಮತ್ತು ಅವರ ಜೊತೆಯವರು 1979ರಲ್ಲಿ ಕೊಟ್ಟ ವಿಧಾನ. 200 ಮಿಲಿಗ್ರಾಂ ಒಣ ಮೇವಿನ ಪುಡಿಯನ್ನು ಗಾಜಿನ ಸಿರಿಂಜಿಗೆ ಹಾಕಿ, 10 ಮಿಲಿ ರುಮೆನ್ ರಸ, 20 ಮಿಲಿ ಲವಣದ ದ್ರಾವಣ ಸೇರಿಸಿ, 39 ಡಿಗ್ರಿಯಲ್ಲಿ 24 ಗಂಟೆ ಇಡುವುದು. ಒಳಗಿನ ಜೀವಿಗಳು ಮೇವನ್ನು ತಿಂದ ಹಾಗೆ ಗ್ಯಾಸ್ ಬಂದು ಪಿಸ್ಟನ್ ತಾನಾಗಿ ಮೇಲೇಳುತ್ತದೆ. ಒಳ್ಳೆ ಮೇವಾದರೆ ಬೇಗ, ಜಾಸ್ತಿ. ಒಣ ಕಡ್ಡಿಯಾದರೆ ನಿಧಾನ. ನನಗೆ ಮೂರು ತಿಂಗಳು ಒಂದೇ ರಾಗಿ ಹುಲ್ಲಿಗೆ ದಿನಕ್ಕೊಂದು ಅಂಕಿ ಬಂತು. ಸಿರಿಂಜು ಬದಲಿಸಿದೆ, ತಕ್ಕಡಿ ಪರೀಕ್ಷೆ ಮಾಡಿಸಿದೆ, ದ್ರಾವಣ ಹೊಸದಾಗಿ ಮಾಡಿದೆ. ತಪ್ಪು ನನ್ನದೇ. ಒಂದು ದಿನ ಮೇವಿಗೆ ಮುಂಚೆ, ಇನ್ನೊಂದು ದಿನ ಮೇವಾದ ಮೇಲೆ, ಬಸ್ಸು ಸಿಕ್ಕ ಹೊತ್ತಿಗೆ ಹೋಗಿ ರಸ ತರುತ್ತಿದ್ದೆ. ಹಿಂಡಿ ತಿಂದ ಎರಡು ಗಂಟೆಗೆ ಒಳಗಿನ ಲೋಕವೇ ಬೇರೆ ಇರುತ್ತದೆ, ರಾತ್ರಿಯಿಡೀ ಖಾಲಿ ಇದ್ದಾಗ ಬೇರೆ. ಕೊಟ್ಟಿಗೆಯ ಹತ್ತಿರವೇ ಮನೆ ಮಾಡಿದ ಮೇಲೆ ಅಂಕಿಗಳು ಸರಿಹೋದವು.

ಆಮೇಲೆ ಸುಮಾರು ಹತ್ತು ವರ್ಷ ನಾನು ಮಾಡಿದ್ದು ಒಣ ಹುಲ್ಲಿನ ಕೆಲಸ. ನಮ್ಮ ಕೋಲಾರ, ತುಮಕೂರು ಕಡೆ ಬಣವೆಯಲ್ಲಿರುವುದು ರಾಗಿ ಹುಲ್ಲು. ಭತ್ತದ ಹುಲ್ಲಿಗಿಂತ ಅದು ಮೇಲು ಅಂತ ರೈತರಿಗೆ ಮೊದಲೇ ಗೊತ್ತು. ಭತ್ತದ ಹುಲ್ಲಿನಲ್ಲಿ ಜೀರ್ಣವಾಗದ ಸಿಲಿಕಾ ಜಾಸ್ತಿ, ಆಕ್ಸಲೇಟ್ ಇರುವುದರಿಂದ ಸುಣ್ಣದಂಶವನ್ನೂ ಹಸುವಿಗೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಆದರೂ ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಕಡಿಮೆಯೇ, ನೂರಕ್ಕೆ ಮೂರೋ ನಾಲ್ಕೋ. ಹೊಟ್ಟೆಯ ಜೀವಿಗಳು ಸರಿಯಾಗಿ ಕೆಲಸ ಮಾಡಬೇಕಾದರೆ ಏಳಾದರೂ ಬೇಕು. ಅದಕ್ಕೆ ಯೂರಿಯಾ ಉಪಚಾರ. ನೂರು ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದ ಹಾಗೆ ಟಾರ್ಪಾಲ್ ಮುಚ್ಚಿ ಮೂರು ವಾರ ಬಿಟ್ಟರೆ ಅಮೋನಿಯಾ ಹುಟ್ಟಿ ನಾರು ಸಡಿಲವಾಗುತ್ತದೆ, ಸಾರಜನಕವೂ ಸೇರುತ್ತದೆ. ನಮ್ಮ ಸಿರಿಂಜುಗಳಲ್ಲಿ ಪಿಸ್ಟನ್ ಚೆನ್ನಾಗಿ ಮೇಲೆದ್ದಿತು. ಹಸುಗಳೂ ಹುಲ್ಲನ್ನು ಜಾಸ್ತಿ ತಿಂದವು.

ಹಳ್ಳಿಗೆ ಹೋದೆವು. ತೋರಿಸಿದೆವು. ಎಲ್ಲರೂ ತಲೆಯಾಡಿಸಿದರು. ಮಾರನೇ ವರ್ಷ ಹೋಗಿ ನೋಡಿದರೆ ಒಂದು ಮನೆಯಲ್ಲೂ ಮಾಡುತ್ತಿರಲಿಲ್ಲ. ರೈತರಿಗೆ ತಿಳುವಳಿಕೆ ಸಾಲದು ಅಂತ ವರದಿ ಬರೆಯುವುದು ಸುಲಭ, ನಾನೂ ಅಂಥ ಸಾಲು ಬರೆದಿದ್ದೇನೆ, ಅದಕ್ಕೆ ಈಗಲೂ ನೋವಿದೆ. ಯಾಕಮ್ಮಾ ಮಾಡಲಿಲ್ಲ ಅಂತ ಒಬ್ಬ ಹೆಣ್ಣುಮಗಳನ್ನು ಕೇಳಿದಾಗ ಅವರು ಬಿಂದಿಗೆ ಕೆಳಗಿಟ್ಟು ಹೇಳಿದರು: "ಕುಡಿಯೋ ನೀರಿಗೇ ಬೋರ್‌ವೆಲ್ ಹತ್ರ ಸಾಲು ನಿಲ್ತೀವಿ ಸಾರ್. ಹುಲ್ಲಿಗೆ ಐವತ್ತು ಲೀಟರ್ ಎಲ್ಲಿಂದ ಹೊರ್ಲಿ?" ನೀರು ಹೊರುವವರು ಅವರು, ಹುಲ್ಲು ತುಳಿಯುವವರು ಅವರು, ಹಾಲಿನ ದುಡ್ಡು ಮಾತ್ರ ಎಷ್ಟೋ ಮನೆಗಳಲ್ಲಿ ಅವರ ಕೈಗೆ ಬರುವುದಿಲ್ಲ. ಇದು ಯಾವ ಸಿರಿಂಜಿನಲ್ಲೂ ಕಾಣುವ ವಿಷಯ ಅಲ್ಲ.

ಅಲ್ಲಿಂದ ಮುಂದೆ ನಾನು ಪ್ರಯೋಗ ಹಾಕುವ ಮುಂಚೆ ಆ ಮನೆಯಲ್ಲಿ ದಿನಾ ಏನು ಹಾಕುತ್ತಾರೆ ಅಂತ ತೂಕ ಮಾಡಿ ಬರೆಯೋಕೆ ಶುರು ಮಾಡಿದೆ. ಹುಲ್ಲು ಎಷ್ಟು, ಬೂಸಾ ಎಷ್ಟು, ಬದುವಿನ ಹಸಿ ಹುಲ್ಲು ಎಷ್ಟು ಹೊರೆ, ನೀರು ಎಷ್ಟು ಸಲ. ಹೆಚ್ಚಿನ ಕಡೆ ಕೊರತೆ ಇದ್ದದ್ದು ಖನಿಜ ಮಿಶ್ರಣದ್ದು, ಇಲ್ಲವೇ ಒಂದಿಷ್ಟು ಹಸಿ ಮೇವಿನದ್ದು. ಹುಲ್ಲು ಕತ್ತರಿಸಿ ಹಾಕಿದರೆ ಕಾಲ ಕೆಳಗೆ ಹೋಗುವುದು ನಿಲ್ಲುತ್ತದೆ. ಬೂಸಾ, ಹಿಂಡಿ ಒಂದೇ ಸಲ ಸುರಿಯುವ ಬದಲು ಮೂರು ಹೊತ್ತು ಹಂಚಿದರೆ ಒಳಗಿನ ಜೀವಿಗಳಿಗೆ ಹಿತ. ಸಣ್ಣ ಮಾತುಗಳು ಇವು, ಸಂಶೋಧನಾ ಪತ್ರಿಕೆಯಲ್ಲಿ ಜಾಗ ಸಿಗುವುದಿಲ್ಲ. ಮನೆಗಳಲ್ಲಿ ಉಳಿದವು ಇವೇ.

ಹಸುವಿನ ಹೊಟ್ಟೆಯಲ್ಲಿ ಹುಟ್ಟಿ ಭೂಮಿಯ ಬಿಸಿ ಏರಿಸುವ ಮೀಥೇನ್ ಗ್ಯಾಸ್ ಬಗ್ಗೆಯೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಆ ಗ್ಯಾಸ್ ಬಹುಪಾಲು ಬರುವುದು ತೇಗಿನಲ್ಲಿ, ಹಿಂದಿನಿಂದ ಅಲ್ಲ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12 ಭಾಗ ಹೀಗೆ ಗಾಳಿಗೆ ಹೋಗುತ್ತದೆ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಟ್ಯಾನಿನ್ ಅನ್ನುವ ಒಗರಿನ ಅಂಶ ಇರುವ ಗಿಡಗಳಿಂದ 'ಹರಿತ ಧಾರಾ' ಅಂತ ಒಂದು ಪೂರಕ ಮಾಡಿದ್ದಾರೆ, ನೂರಕ್ಕೆ 17ರಿಂದ 20 ಭಾಗ ಮೀಥೇನ್ ಕಡಿಮೆ ಮಾಡುತ್ತದೆ ಅನ್ನುತ್ತಾರೆ. ಒಳ್ಳೆ ಕೆಲಸ. ಎರಡು ಹಸು ಇಟ್ಟುಕೊಂಡವರಿಗೆ ಹವಾಮಾನದ ಮಾತಿಗಿಂತ, ಉಳಿದ ಶಕ್ತಿ ಹಾಲಿಗೆ ಎಷ್ಟು ಬಂತು ಅನ್ನುವುದೇ ಮುಖ್ಯ, ಅವರ ಪ್ರಶ್ನೆ ಸರಿಯಾಗಿಯೇ ಇದೆ.

ಒಂದು ಹಸುವಿನ ವಿಷಯ ಹೇಳಲೇಬೇಕು. ಒಂದು ಊರಿನಲ್ಲಿ ಮದುವೆ ಮುಗಿದಿತ್ತು. ಉಳಿದ ಅನ್ನ, ಪಾಯಸ ಎಸೆಯೋಕೆ ಮನಸ್ಸು ಬಾರದೆ ಕರೆಯುವ ಹಸುವಿಗೆ ಬಕೆಟ್‌ಗಟ್ಟಲೆ ಹಾಕಿದ್ದರು. ಪ್ರೀತಿಯಿಂದಲೇ ಹಾಕಿದ್ದು. ಮಾರನೇ ದಿನ ಸಂಜೆ ನಾನು ಹೋದಾಗ ಹಸು ಹಲ್ಲು ಕಡಿಯುತ್ತಾ ನಿಂತಿತ್ತು, ಸಗಣಿ ನೀರಾಗಿತ್ತು, ಹುಳಿ ವಾಸನೆ. ಒಣ ಹುಲ್ಲಾದರೆ ಹಸು ಗಂಟೆಗಟ್ಟಲೆ ಮೆಲುಕು ಹಾಕುತ್ತದೆ, ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ಇಳಿಯುತ್ತದೆ, ಆ ಜೊಲ್ಲಿನಲ್ಲೇ ಹುಳಿ ತಡೆಯುವ ಸೋಡಾ ಇದೆ. ಅನ್ನವನ್ನು ಅಗಿಯುವ ಕೆಲಸವೇ ಇಲ್ಲ, ಅದು ಗಂಟೆಗಳಲ್ಲಿ ಹುಳಿಯಾಗಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಕೊಳವೆಯಿಂದ ತೆಗೆದ ರಸಕ್ಕೆ ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದೆ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಆರೂವರೆ ಸುಮಾರು ಇರಬೇಕಾದದ್ದು ಐದಕ್ಕೆ ಇಳಿದಿತ್ತು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟೆ. ಆರೋಗ್ಯದ ಹಸುವಿನ ಹನಿಯಲ್ಲಿ ಪ್ರೊಟೊಜೋವಾ ಜಾತ್ರೆಯ ಜನದ ಹಾಗೆ ಓಡಾಡುತ್ತಿರುತ್ತವೆ. ಇಲ್ಲಿ ಒಂದೂ ಅಲುಗಲಿಲ್ಲ.

ಊರಿನ ಪಶುವೈದ್ಯರು ರಾತ್ರಿಯೆಲ್ಲ ಕೂತು ರಕ್ತನಾಳಕ್ಕೆ ಸೋಡಾ, ಗ್ಲೂಕೋಸ್ ಕೊಟ್ಟರು. ಹುಳಿ ಇಳಿದ ಮೇಲೆ ನಾನು ನಮ್ಮ ಕೊಟ್ಟಿಗೆಯ ಹಸುವಿನಿಂದ ಮೂರು ಲೀಟರ್ ರಸವನ್ನು ಅದೇ ಫ್ಲಾಸ್ಕುಗಳಲ್ಲಿ ತಂದೆ. ಇಬ್ಬರೂ ಸೇರಿ ಕೊಳವೆಯಲ್ಲಿ ಇಳಿಸಿದೆವು. ಅಷ್ಟು ವರ್ಷ ಅದೇ ರಸವನ್ನು ಸಿರಿಂಜಿಗೆ ಹಾಕಿ ಅಂಕಿ ಬರೆದಿದ್ದೆ, ಅವತ್ತು ಮೊದಲ ಸಲ ಇನ್ನೊಂದು ಹಸುವಿಗೆ ಹಾಕಿದ್ದು. ಮನೆಯ ಅಜ್ಜಿ ಗೋದಲಿಯಲ್ಲಿ ಒಂದು ಹಿಡಿ ಒಣ ರಾಗಿ ಹುಲ್ಲು ಮಾತ್ರ ಹಾಕಿ ಕಾದರು.

ನಾಲ್ಕನೇ ದಿನ ಬೆಳಗ್ಗೆ ಅವರ ಮೊಮ್ಮಗ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ. "ಡಾಕ್ಟ್ರೇ, ಮೆಲುಕು ಹಾಕ್ತಾ ಇದೆ." ನಾನು ಬಸ್ಸು ಹತ್ತಿ ಹೋಗಿ ಮತ್ತೆ ಒಂದು ಹನಿ ತೆಗೆದು ನೋಡಿದೆ. ಜಾಸ್ತಿ ಇರಲಿಲ್ಲ. ಆದರೆ ಓಡಾಡುತ್ತಿದ್ದವು.