ದಿನಾ ಕರೆಂಟ್ ಹೋಗುತ್ತಿದ್ದ ಶಾಪ್

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದು ಸಣ್ಣ ಮೆಷಿನ್ ಶಾಪ್, ಲೋಹದ ಬಿಡಿಭಾಗ ಮಾಡಿಕೊಡುತ್ತೇವೆ. ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡುವ ಎಂಟು ಸಿಎನ್‌ಸಿ ಲೇತ್, ಎರಡು ವಿಎಂಸಿ (ಮಿಲ್ಲಿಂಗ್ ಮೆಷಿನ್). ಅಪ್ಪ ಕಟ್ಟಿದ್ದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಬಿಲ್ಲು, ಲೆಕ್ಕ ಎಲ್ಲ ಕಂಪ್ಯೂಟರಿಗೆ ಹೋಯಿತು. ಮೆಷಿನ್ ಯಾಕೆ ನಿಂತಿತ್ತು ಅನ್ನೋದು ಮಾತ್ರ ಸೂಪರ್‌ವೈಸರ್ ತಲೆಯಲ್ಲೇ ಉಳಿಯಿತು.

ಡಿಜಿಟಲ್ ಲೀಡರ್‌ಶಿಪ್ ಅಂದರೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತರೋದು ಅಂದುಕೊಂಡಿದ್ದೆ. 2021ರಲ್ಲಿ ಪ್ರತಿ ಮೆಷಿನ್ ಪಕ್ಕ ಟ್ಯಾಬ್ಲೆಟ್ ಹಾಕಿಸಿದೆ. ಮೆಷಿನ್ ನಿಂತರೆ ಆಪರೇಟರ್ ಕಾರಣ ಒತ್ತಬೇಕು: ಸೆಟ್ಟಿಂಗ್ (ಮುಂದಿನ ಜಾಬಿಗೆ, ಅಂದರೆ ಬೇರೆ ಪಾರ್ಟ್‌ಗೆ, ಮೆಷಿನ್ ಸಜ್ಜು ಮಾಡೋದು), ಇನ್‌ಸರ್ಟ್ (ಲೋಹ ಕತ್ತರಿಸುವ ತುದಿ) ಬದಲಾವಣೆ, ಮೆಟೀರಿಯಲ್ ಇಲ್ಲ, ಕರೆಂಟ್ ಇಲ್ಲ. ತಿಂಗಳ ವರದಿ ತೆಗೆದರೆ ಅರ್ಧಕ್ಕರ್ಧ 'ಕರೆಂಟ್ ಇಲ್ಲ'. ಜನರೇಟರ್‌ಗೆ ಹಾಕಿದ ಡೀಸೆಲ್ ಲೆಕ್ಕ ನೋಡಿದೆ. ಅಷ್ಟು ಕರೆಂಟ್ ಹೋಗೇ ಇರಲಿಲ್ಲ!

ಸಾಫ್ಟ್‌ವೇರ್ ಕೊಟ್ಟವರ ಜೊತೆ ಜಗಳವಾಡಿದೆ. ಕೊನೆಗೆ ನಮ್ಮ ಹಳೇ ಸೆಟ್ಟರ್ ಟೀ ಕುಡಿಯುತ್ತಾ ಹೇಳಿದರು: "ಸಾರ್, ಬೇರೆ ಏನು ಒತ್ತಿದ್ರೂ ಬೆಳಿಗ್ಗೆ ಮೀಟಿಂಗಲ್ಲಿ ಬೈತೀರ. ಕರೆಂಟ್ ಹೋದ್ರೆ ಯಾರಿಗೆ ಬೈತೀರ?"

ನಿಜ ಅಲ್ವಾ. ಹೆಸರು ಸಮೇತ ಸ್ಕ್ರೀನ್ ಮೇಲೆ ತೋರಿಸಿ ಕೇಳುತ್ತಿದ್ದೆ. ಮಾರನೇ ದಿನವೇ ವರದಿಯಿಂದ ಹೆಸರು ತೆಗೆಸಿದೆ, ಬರೀ ಮೆಷಿನ್ ನಂಬರ್ ಇಟ್ಟೆ. 'ಯಾರು' ಅಂತ ಕೇಳಬಾರದು, 'ಏನು ಬೇಕಿತ್ತು' ಅಂತ ಕೇಳಬೇಕು ಎಂದು ನನಗೇ ಹೇಳಿಕೊಂಡೆ. ಮೊದಲ ವಾರ ಎರಡು ಸಲ ತಪ್ಪಿದೆ.

ನಿಧಾನವಾಗಿ ನಿಜವಾದ ಕಾರಣ ಬಂತು. ಸೆಟ್ಟಿಂಗ್. ನಾಲ್ಕನೇ ಲೇತ್‌ನಲ್ಲಿ ಜಾಬ್ ಬದಲಾಯಿಸಲು ಎರಡು ಗಂಟೆಗೂ ಜಾಸ್ತಿ. ಸೆಟ್ಟರ್ ಒಪ್ಪಿದ ಮೇಲೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಒಟ್ಟಿಗೆ ನೋಡಿದೆವು. ಸಾಫ್ಟ್ ಜಾ (ಪೀಸ್ ಹಿಡಿಯುವ ದವಡೆ), ಇನ್‌ಸರ್ಟ್, ಗೇಜ್ (ಅಳತೆ ಉಪಕರಣ) ಹುಡುಕಿಕೊಂಡು ಸ್ಟೋರಿಗೆ ಓಡಾಡಿದ್ದೇ ನಲವತ್ತು ನಿಮಿಷ. ಮೆಷಿನ್ ಓಡುವಾಗಲೇ ಮಾಡಬಹುದಾದ್ದನ್ನು ನಿಲ್ಲಿಸಿಕೊಂಡು ಮಾಡಬೇಡಿ ಅಂತ ಜಪಾನಿನ ಕಾರ್ಖಾನೆ ತಜ್ಞ ಶಿಗೆಯೊ ಶಿಂಗೊ ಎಷ್ಟೋ ದಶಕಗಳ ಹಿಂದೆ ಹೇಳಿದ್ದರು. ಟ್ರೈನಿಂಗಿನಲ್ಲಿ ಎರಡು ಸಲ ಕೇಳಿ ತಲೆಯಾಡಿಸಿ ಬಂದಿದ್ದೆ, ಅಷ್ಟೇ.

ಗುಜರಿ ಆಂಗಲ್‌ನಿಂದ ಸೆಟ್ಟರ್ ಒಂದು ಟ್ರಾಲಿ ಮಾಡಿದರು. ಮುಂದಿನ ಜಾಬಿಗೆ ಬೇಕಾದ್ದೆಲ್ಲ ಒಂದೇ ಟ್ರೇಯಲ್ಲಿ. ಐಟಿಐ ಮುಗಿಸಿ ಬಂದಿದ್ದ ಟ್ರೈನಿ ಹುಡುಗಿ ಟ್ರೇಗೆ ಕ್ಯೂಆರ್ ಸ್ಟಿಕರ್ ಅಂಟಿಸಿದಳು. ಸ್ಕ್ಯಾನ್ ಮಾಡಿದರೆ ಪ್ರೋಗ್ರಾಂ ನಂಬರ್, ಹಿಂದಿನ ಸೆಟಪ್ಪಿನ ಫೋಟೋ. ನಾನಾಗಿದ್ದರೆ ದುಬಾರಿ ಟೂಲ್ ಪ್ರೀಸೆಟ್ಟರ್ (ಟೂಲಿನ ಅಳತೆಯನ್ನು ಮೆಷಿನ್ ಹೊರಗೇ ತೆಗೆಯುವ ಯಂತ್ರ) ತರುತ್ತಿದ್ದೆ. ಈಗ ಒಂದೂಕಾಲು ಗಂಟೆಯಲ್ಲಿ ಜಾಬ್ ಬದಲಾಗುತ್ತದೆ.

ಮೊದಲ ಪೀಸ್ ಇನ್‌ಸ್ಪೆಕ್ಷನ್‌ಗೆ ಕಾಯೋದು ಮಾತ್ರ ಇನ್ನೂ ಹಾಗೇ ಇದೆ. ಇನ್‌ಸ್ಪೆಕ್ಟರ್ ಒಬ್ಬರೇ. ಈಗ ಟ್ಯಾಬ್ಲೆಟ್‌ನಲ್ಲಿ ದಿನಾ ಅದೇ ಕಾರಣ ಬೀಳುತ್ತಿದೆ, ಇನ್ನೊಬ್ಬರನ್ನು ಹುಡುಕುತ್ತಿದ್ದೇನೆ.