ಕಿಟಕಿ ಕ್ಲೀನಿಂಗ್ ಜೊತೆಗೆ ಇನ್ನೇನು? ಹೊಸ ಸೇವೆ ಸೇರಿಸುವ ಮುನ್ನ

“ಹೇಗೂ ಬಂದಿದ್ದೀರಲ್ಲ, ಸೋಫಾನೂ ಮಾಡಿಕೊಡ್ತೀರಾ? ಸಂಪು?” ಬೆಂಗಳೂರಿನಲ್ಲಿ ಕಿಟಕಿ ಕ್ಲೀನಿಂಗ್ ನಡೆಸುವವರಿಗೆ ಈ ಪ್ರಶ್ನೆ ಹೊಸದಲ್ಲ. ಆಯುಧಪೂಜೆ, ದೀಪಾವಳಿ ಹತ್ತಿರವಾದರೆ ಫೋನ್ ಎತ್ತಲೂ ಪುರಸೊತ್ತಿರುವುದಿಲ್ಲ. ಜೂನ್, ಜುಲೈ ಬಂತೆಂದರೆ “ಮಳೆ ನಿಲ್ಲಲಿ, ಆಮೇಲೆ ನೋಡೋಣ” ಎಂಬ ಉತ್ತರ. ಹುಡುಗರ ಸಂಬಳ ಮಾತ್ರ ಮಳೆಗಾಗಿ ಕಾಯುವುದಿಲ್ಲ. ಆಗ ಇನ್ನೊಂದೆರಡು ಕೆಲಸ ಸೇರಿಸಿಕೊಳ್ಳೋಣ ಎನ್ನಿಸುವುದು ಸಹಜ. ಸೇರಿಸಿಕೊಳ್ಳಿ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಹತ್ತು ಸೇವೆ ಅಚ್ಚು ಹಾಕಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಅದೇ ಗಿರಾಕಿಯೇ? ಅದೇ ಭೇಟಿಯಲ್ಲಿ ಮುಗಿಯುತ್ತದೆಯೇ? ಇರುವ ಸಾಮಾನಿನಲ್ಲೇ ಆಗುತ್ತದೆಯೇ? ಎರಡಕ್ಕಾದರೂ ‘ಹೌದು’ ಬರದ ಕೆಲಸವನ್ನು ಬೇರೆಯೇ ಉದ್ಯಮ ಎಂದು ಲೆಕ್ಕ ಹಾಕಿ, ಅದಕ್ಕೆ ಬೇರೆ ಬಂಡವಾಳ ಇಡಿ.

1. ಈಗಿನ ಕೆಲಸದ ಲೆಕ್ಕ ತೆಗೆಯಿರಿ

ಎಷ್ಟು ಬಿಲ್ ಆಯಿತು ಎನ್ನುವುದಕ್ಕಿಂತ ಒಬ್ಬ ಹುಡುಗನ ಒಂದು ಗಂಟೆಗೆ ಎಷ್ಟು ಬಿತ್ತು ಎಂಬುದು ಮುಖ್ಯ. ಒಂದು ಉದಾಹರಣೆ ನೋಡಿ. ಮೂರು ಬೆಡ್‌ರೂಮ್ ಫ್ಲ್ಯಾಟಿಗೆ 2,500 ರೂಪಾಯಿ, ಇಬ್ಬರು ಹುಡುಗರು, ಮೂರು ಗಂಟೆ ಕೆಲಸ. ರಾಜಾಜಿನಗರದಿಂದ ಸರ್ಜಾಪುರ ರಸ್ತೆಗೆ ಹೋಗಿಬರಲು ಮೂರು ಗಂಟೆ ಹಿಡಿದರೆ ಒಟ್ಟು 12 ಆಳು-ಗಂಟೆ. ಗಂಟೆಗೆ ಬೀಳುವುದು ಸುಮಾರು 208. ಅದೇ ಮನೆಯಲ್ಲಿ ಇನ್ನೊಂದು ಗಂಟೆ ನಿಂತು 700 ರೂಪಾಯಿಯ ಹೆಚ್ಚುವರಿ ಕೆಲಸ ಮಾಡಿದರೆ ಆ ಎರಡು ಆಳು-ಗಂಟೆಗೆ ತಲಾ 350 ಸಿಗುತ್ತದೆ. ಟ್ರಾಫಿಕ್ಕಿನ ಖರ್ಚು ಆಗಲೇ ತೀರಿರುತ್ತದೆ, ಅಷ್ಟೇ ಗುಟ್ಟು. ಸೋಫಾ ತೊಳೆಯಲು ಮತ್ತೊಂದು ದಿನ, ಮತ್ತೊಂದು ಮೆಷಿನ್ ಹೊತ್ತು ಹೋಗುವುದಾದರೆ ಈ ಲಾಭ ಇಲ್ಲ. ಸಾಲದ್ದಕ್ಕೆ ಅಲ್ಲಿ ಆ್ಯಪ್ ಕಂಪನಿಗಳ ಆಫರ್ ದರದೊಂದಿಗೆ ಗುದ್ದಾಡಬೇಕು.

2. ಕಿಟಕಿಯ ಆಸುಪಾಸಿನಿಂದ ಶುರು ಮಾಡಿ

ಸೊಳ್ಳೆ ಮೆಶ್, ಗ್ರಿಲ್, ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಲ್ಲಿ ಗಟ್ಟಿಯಾದ ಮಣ್ಣು, ಬಾಲ್ಕನಿಯ ಗಾಜಿನ ಕಟಕಟೆ: ಇವಕ್ಕೆ ಹೊಸ ಸಾಮಾನು ಬೇಡ. ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ ಬರೆಯಿರಿ, ಇಲ್ಲದಿದ್ದರೆ ಗಿರಾಕಿ ಪುಕ್ಕಟೆ ಎಂದುಕೊಳ್ಳುತ್ತಾರೆ. ಪಾರಿವಾಳದ ಹಿಕ್ಕೆ ಇರುವ ಕಡೆ ಒಣಗಿದ್ದನ್ನು ಕೆರೆಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಸಿಂಪಡಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಒಳ್ಳೆಯ ಹಣ ಇರುವುದು ಬಿಳಿ ಕಲೆ ತೆಗೆಯುವುದರಲ್ಲಿ. ನಗರದ ಹೊರವಲಯದ ಎಷ್ಟೋ ಅಪಾರ್ಟ್‌ಮೆಂಟುಗಳು ಬೋರ್‌ವೆಲ್, ಟ್ಯಾಂಕರ್ ನೀರನ್ನೇ ನಂಬಿವೆ. ಗಡಸು ನೀರು ಒಣಗಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಗಾಜಿಗೆ ಅಂಟಿಕೊಳ್ಳುತ್ತದೆ. ಬಾತ್‌ರೂಮಿನ ಶವರ್ ಗಾಜು ವರ್ಷದೊಳಗೆ ಮಂಜಾಗುತ್ತದೆ. ಸಿಟ್ರಿಕ್ ಆ್ಯಸಿಡ್ ದ್ರಾವಣ ಹಚ್ಚಿ ಕೆಲವು ನಿಮಿಷ ಬಿಟ್ಟು ಉಜ್ಜಿದರೆ ಬಹುಪಾಲು ಹೋಗುತ್ತದೆ. ಮೊದಲು ಅಂಗೈಯಗಲ ಜಾಗದಲ್ಲಿ ಪರೀಕ್ಷಿಸಿ, ಗಿರಾಕಿಯನ್ನೂ ಕರೆದು ತೋರಿಸಿ. ಕಲೆ ಕರಗಿದ ಮೇಲೂ ಗಾಜು ಮಬ್ಬಾಗಿಯೇ ಇದ್ದರೆ ಗಾಜಿನ ಮೈಯೇ ಸವೆದಿದೆ ಎಂದರ್ಥ. ಒರೆಸುವುದರಿಂದ ಅದು ಸರಿಹೋಗದು. ಇದನ್ನು ಹಣ ಮಾತಾಡುವ ಮೊದಲೇ ಹೇಳಿಬಿಡಿ. ಮಾರ್ಬಲ್ ನೆಲಕ್ಕೆ ಒಂದು ಹನಿ ಆ್ಯಸಿಡ್ ಬಿದ್ದರೂ ಗುರುತು ಉಳಿಯುತ್ತದೆ, ಪ್ಲಾಸ್ಟಿಕ್ ಹಾಸಿಕೊಳ್ಳಿ. ಹೈಡ್ರೋಫ್ಲೋರಿಕ್ ಆ್ಯಸಿಡ್ ಇರುವ ಕ್ಲೀನರ್ ಯಾರೇ ಕೊಟ್ಟರೂ ಮುಟ್ಟಬೇಡಿ. ಅದು ಚರ್ಮದ ಮೂಲಕ ಇಳಿದು ಮೂಳೆಗೂ ಹಾನಿ ಮಾಡುತ್ತದೆ.

3. ಸೋಲಾರ್ ಪ್ಯಾನೆಲ್: ಮೊದಲ ದೊಡ್ಡ ಹೆಜ್ಜೆ

ನನ್ನನ್ನು ಕೇಳಿದರೆ ಕಿಟಕಿಯವರಿಗೆ ಇದಕ್ಕಿಂತ ಒಗ್ಗುವ ಕೆಲಸ ಇನ್ನೊಂದಿಲ್ಲ. ಇದೂ ಗಾಜೇ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇರುವುದರಿಂದ ತಾರಸಿಗಳಲ್ಲಿ ಪ್ಯಾನೆಲ್ ಏರುತ್ತಲೇ ಇವೆ. ಧೂಳು ಕೂರುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ, ಅಂದರೆ ಹಬ್ಬದ ರಶ್ ಮುಗಿದ ಮೇಲೆ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಪ್ಯಾನೆಲ್‌ಗಳ ಇಳಿಜಾರನ್ನು ಹೆಚ್ಚುಕಮ್ಮಿ ಅಕ್ಷಾಂಶಕ್ಕೆ ತಕ್ಕಂತೆ ಇಡುವುದರಿಂದ ಇಲ್ಲಿ ಅದೂ ಕಮ್ಮಿ. ಹಾಗಾಗಿ ಮಳೆಯಲ್ಲಿ ತೊಳೆದು ಬಂದ ಮಣ್ಣು ಕೆಳಗಿನ ಅಲ್ಯೂಮಿನಿಯಂ ಫ್ರೇಮಿಗೆ ತಡೆದು ಅಲ್ಲೇ ಪಟ್ಟಿಯಂತೆ ಕೂರುತ್ತದೆ. ಮೇಲಿನ ಭಾಗ ಫಳಫಳ ಎಂದರೂ ಈ ಪಟ್ಟಿ ಕರೆಂಟ್ ಹುಟ್ಟಿಸುವ ಕೆಳಸಾಲಿನ ಸೆಲ್‌ಗಳಿಗೆ ನೆರಳು ಹಾಕುತ್ತದೆ. ಮೊದಲು ಮೆದು ಬ್ರಶ್ಶಿನಿಂದ ಅದನ್ನು ಬಿಡಿಸಿ.

ಬಿಸಿಲೇರುವ ಮುಂಚೆ ಕೆಲಸ ಮುಗಿಸಿ; ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಕೊನೆಯ ನೀರು ಗಡಸಾಗಿರಬಾರದು, ಇಲ್ಲದಿದ್ದರೆ ನೀವೇ ಬಿಳಿ ಕಲೆ ಮಾಡಿಕೊಟ್ಟಂತೆ. ಆರ್‌ಒ ಯಂತ್ರದಿಂದ ಹೊರಹೋಗುವ ವೇಸ್ಟ್ ನೀರಂತೂ ಬೇಡವೇ ಬೇಡ, ಲವಣವೆಲ್ಲ ಅದರಲ್ಲೇ ಇರುತ್ತದೆ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಒಳಗಿನ ಸೆಲ್ ಸೀಳಿದ್ದು ಕಣ್ಣಿಗೆ ಕಾಣುವುದಿಲ್ಲ. ಒಡೆದ ಪ್ಯಾನೆಲ್ ಅಥವಾ ಸುಲಿದ ವೈರ್ ಕಂಡರೆ ನೀರು ಹಾಕದೆ ಮಾಲೀಕರಿಗೆ ತಿಳಿಸಿ. ಇನ್ವರ್ಟರ್ ಆಫ್ ಮಾಡಿದ್ದರೂ ಬೆಳಕಿರುವಷ್ಟು ಹೊತ್ತು ಪ್ಯಾನೆಲ್ಲಿನಲ್ಲಿ ಕರೆಂಟ್ ಇರುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಪ್ಯಾನೆಲ್‌ಗಳನ್ನು ತಾರಸಿಯಿಂದ ಆಳೆತ್ತರಕ್ಕೂ ಮೇಲೆ ಕೂರಿಸಿರುತ್ತಾರೆ. ಉದ್ದ ಕೋಲಿನ ಬ್ರಶ್ ಮತ್ತು ಸುರಕ್ಷತಾ ಬೆಲ್ಟ್ ಇಲ್ಲದೆ ಒಪ್ಪಿಕೊಳ್ಳಬೇಡಿ.

ಇನ್ನೊಂದು ಅನುಕೂಲ: ಗಿರಾಕಿಯ ಮೊಬೈಲಿನಲ್ಲಿ ಇನ್ವರ್ಟರ್ ಆ್ಯಪ್ ಇದ್ದರೆ ತೊಳೆಯುವ ಹಿಂದಿನ ದಿನದ ಮತ್ತು ಮರುದಿನದ ಯೂನಿಟ್ ತೋರಿಸಿ. ಎರಡೂ ದಿನ ಒಂದೇ ತರಹದ ಬಿಸಿಲಿರಬೇಕು. ಅದನ್ನು ನೋಡಿದವರಿಗೆ ವಾರ್ಷಿಕ ಕಾಂಟ್ರಾಕ್ಟಿನ ಮಾತು ಹೇಳುವುದು ಸುಲಭ.

4. ಇವಕ್ಕೆ ‘ಆಗಲ್ಲ’ ಎನ್ನಿ

ಸಂಪು: ಮುಚ್ಚಿದ ಸಂಪಿನೊಳಗೆ ಆಮ್ಲಜನಕ ಕಮ್ಮಿಯಿರಬಹುದು. ಮೊದಲು ಇಳಿದವನು ಕುಸಿದಾಗ ಎತ್ತಲು ಇಳಿದವನೂ ಪ್ರಾಣ ಕಳೆದುಕೊಳ್ಳುವುದು ಇಂಥಲ್ಲೇ. ಗಾಳಿ ಪರೀಕ್ಷಿಸುವ ಮೀಟರ್, ಬ್ಲೋವರ್, ತರಬೇತಿ ಇರುವವರಿಗೇ ಬಿಡಿ. ಸೆಪ್ಟಿಕ್ ಟ್ಯಾಂಕ್, ಒಳಚರಂಡಿಯ ಮಾತೇ ಬೇಡ. ಸುರಕ್ಷತಾ ಸಲಕರಣೆಯಿಲ್ಲದೆ ಜನರನ್ನು ಇಳಿಸುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ, ಜೈಲುಶಿಕ್ಷೆಯೂ ಇದೆ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಹಗ್ಗಕ್ಕೆ ತೂಗಿ ಒರೆಸುವ ಕೆಲಸ ನೋಡಲು ನಮ್ಮದೇ ಕೆಲಸದಂತಿದ್ದರೂ ಅದರ ಕಸುಬು ಬೇರೆ, ಇನ್ಶೂರೆನ್ಸೂ ಬೇರೆ. ಜಿರಳೆ, ಗೆದ್ದಲು ಔಷಧಿ ಹೊಡೆಯಲು ಲೈಸೆನ್ಸ್ ಬೇಕು. ಕಾರ್ ವಾಶ್ ಯೋಚನೆಯಿದ್ದರೆ 2024ರ ಮಾರ್ಚ್ ನೆನಪಿರಲಿ: ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಬೇಸಿಗೆ ಬಿಗಿಯಾದರೆ ಮತ್ತೆ ಬಂದೀತು.

ಬೇಡ ಎಂದ ಕೆಲಸವನ್ನು ನಂಬಿಕಸ್ಥ ಸೋಫಾದವರಿಗೆ, ಟ್ಯಾಂಕಿನವರಿಗೆ ದಾಟಿಸಿ. ಅವರು ತಮ್ಮ ಗಿರಾಕಿಯ ಕಿಟಕಿಗಳನ್ನು ನಿಮ್ಮ ಕಡೆ ಕಳಿಸುತ್ತಾರೆ.

5. ಹಳೇ ಗಿರಾಕಿಗಳಲ್ಲಿ ಪ್ರಯೋಗ ಮಾಡಿ

ಒಂದು ಸೀಸನ್‌ಗೆ ಒಂದೇ ಹೊಸ ಸೇವೆ. ಜಾಹೀರಾತು ಬೇಡ, ಹಳೇ ಗಿರಾಕಿಗಳಿಗೆ ವಾಟ್ಸ್ಆ್ಯಪ್ ಸಾಕು. ದರ ಪೂರ್ತಿ ಹಾಕಿ. ಪ್ರಯೋಗವೆಂದು ಅರ್ಧ ದರ ಹೇಳಿದರೆ ಮುಂದಿನ ಸಲವೂ ಅದನ್ನೇ ಕೇಳುತ್ತಾರೆ. ಮೊದಲ ಹಂತದ ಆಳು-ಗಂಟೆ ಲೆಕ್ಕವನ್ನೇ ಇದಕ್ಕೂ ಹಾಕಿ, ಕಿಟಕಿಗಿಂತ ಕಮ್ಮಿ ಬಂದರೆ ಕೈಬಿಡಿ.

6. ಕಾಗದಪತ್ರ

ಎಲ್ಲ ಸೇವೆ ಸೇರಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಕ್ಲೀನಿಂಗ್‌ಗೆ 18% ತೆರಿಗೆ. ಒಂದೇ ಪ್ಯಾನ್ ಮೇಲೆ ಎರಡು ಹೆಸರಲ್ಲಿ ಬಿಲ್ ಮಾಡಿದರೂ ಲೆಕ್ಕ ಒಂದೇ. ಮನೆ ಗಿರಾಕಿಗಳಿಗೆ ಈ 18% ವಾಪಸ್ ಸಿಗುವುದಿಲ್ಲ, ಆದ್ದರಿಂದ ಮಿತಿ ಹತ್ತಿರ ಬರುವ ವರ್ಷದ ದರವನ್ನು ಮೊದಲೇ ಯೋಚಿಸಿ ಇಡಿ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ. ಹತ್ತು ಜನ ಕೆಲಸಗಾರರಾದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ಅಷ್ಟು ಜನ ಇಲ್ಲದಿದ್ದರೂ ತಾರಸಿ ಹತ್ತುವ ಪ್ರತಿ ಹುಡುಗನಿಗೂ ಅಪಘಾತ ವಿಮೆ ಮಾಡಿಸಿ, ಅದರ ಕಂತನ್ನು ಸೋಲಾರ್ ಕೊಟೇಶನ್ನಿನಲ್ಲೇ ಸೇರಿಸಿ.